ಕಿವಿಗೊಟ್ಟವನಿಗೂ ಕೂಲಿ ಸಲ್ಲಬೇಕು

ಲಗ್ಗೆರೆಯ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಪ್ರೆಸ್ ಮೆಷಿನ್‌ಗಳು ಶುರುವಾದರೆ ಸಂಜೆಯವರೆಗೆ ಬೇರೆ ಯಾವ ಸದ್ದೂ ನೆಟ್ಟಗೆ ಕೇಳಿಸುವುದಿಲ್ಲ. ಅದಕ್ಕೇ ಬೀದಿ ಕೊನೆಯ ಗ್ಯಾರೇಜಿನ ಹುಡುಗ ಸದ್ದು ಮಾಡುತ್ತಿದ್ದ ನನ್ನ ಬೈಕನ್ನು ಒಂದು ರಾತ್ರಿ ತನ್ನ ಹತ್ತಿರವೇ ಬಿಟ್ಟುಹೋಗಲು ಹೇಳಿದ. "ಬೆಳಿಗ್ಗೆ ಆರೂವರೆಗೆ ಬನ್ನಿ ಅಂಕಲ್. ಗಾಡಿ ಪೂರ್ತಿ ತಣ್ಣಗಿರಬೇಕು, ಬೀದಿನೂ ಸುಮ್ಮನಿರಬೇಕು. ಆಗ ಕೇಳೋಣ."

ಅದಕ್ಕೆ ನಾಲ್ಕು ದಿನ ಮುಂಚೆ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಹೋಗಿದ್ದೆ. ಎಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರನ್ನು ನಾಲ್ಕು ಸಲ ತಿರುವಿ, "ಕ್ರ್ಯಾಂಕ್ ಹೋಗಿದೆ, ಎಂಜಿನ್ ಇಳಿಸಬೇಕು" ಎಂದರು. ಎರಡು ನಿಮಿಷವೂ ಆಗಿರಲಿಲ್ಲ. ಒಂಬತ್ತೂವರೆ ಸಾವಿರದ ಎಸ್ಟಿಮೇಟ್ ಕೈಗೆ ಬಂತು. ಹದಿನಾಲ್ಕು ವರ್ಷದ ನೂರು ಸಿಸಿ ಬೈಕು. ಅದನ್ನು ಮಾರಿದರೂ ಆ ಎಸ್ಟಿಮೇಟಿನ ಎರಡರಷ್ಟು ಹುಟ್ಟುವುದು ಕಷ್ಟ.

ನಾನು ಪೀಣ್ಯ ಎರಡನೇ ಹಂತದಲ್ಲಿ ಮೂವತ್ತೊಂದು ವರ್ಷ ಟರ್ನರ್ ಆಗಿದ್ದವನು. ಲೇತಿನ ಸ್ಪಿಂಡಲ್ ಬೇರಿಂಗ್ ಸವೆದಾಗ ಅದು ಡಯಲ್ ಗೇಜಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ ಎಂಬುದು ನನಗೆ ತಿಳಿದ ವಿಷಯ. ಹಾಗಾಗಿ ಆ ಎರಡು ನಿಮಿಷದ ತೀರ್ಪು ನನ್ನ ಮನಸ್ಸಿಗೆ ಒಗ್ಗಲಿಲ್ಲ.

ಆರೂವರೆಗೆ ಹೋದಾಗ ಹುಡುಗ ಇನ್ನೂ ಸ್ಟಾರ್ಟ್ ಮಾಡಿರಲಿಲ್ಲ. ಮೊದಲು ಪ್ರಶ್ನೆ ಕೇಳಿದ. ಸದ್ದು ತಣ್ಣಗಿದ್ದಾಗ ಜಾಸ್ತಿಯೋ, ಬಿಸಿಯಾದ ಮೇಲೋ? ನಿಂತಿದ್ದಾಗ ಬರುತ್ತೋ, ಓಡುವಾಗ ಮಾತ್ರವೋ? ಕ್ಲಚ್ ಹಿಡಿದರೆ ನಿಲ್ಲುತ್ತೋ? ಕೊನೆಯ ಸಲ ಆಯಿಲ್ ಬದಲಿಸಿದ್ದು ಯಾವಾಗ? ಆಮೇಲೆ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಆಯಿಲ್ ಕಡ್ಡಿ ತೆಗೆದು ಒರೆಸಿದ. ಅದನ್ನು ತಿರುಗಿಸಿ ಬಿಗಿಮಾಡದೆ ಸುಮ್ಮನೆ ಇಳಿಬಿಟ್ಟು ಎತ್ತಿ ತೋರಿಸಿದ. ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿತ್ತು. ಇಂಥ ಎಂಜಿನ್ನಿಗೆ ಹಿಡಿಯುವುದೇ ಸುಮಾರು ಒಂದು ಲೀಟರ್ ಆಯಿಲ್. ಅದರಲ್ಲಿ ಮುನ್ನೂರು ಮಿಲಿ ಕಡಿಮೆಯಾದರೆ ಮೂರರಲ್ಲೊಂದು ಪಾಲು ಹೋದಂತೆ. ಆ ತಪ್ಪು ನನ್ನದೇ. ಆಯಿಲನ್ನು ಸರಿಮಟ್ಟಕ್ಕೆ ತುಂಬಿಸಿದ ಮೇಲೇ ಕಿಕ್ ಹೊಡೆದ.

ಗಲಗಲ ಸದ್ದು ಶುರುವಾಯಿತು. ಅವನು ನಂಬರ್ ಪ್ಲೇಟು, ಲೆಗ್ ಗಾರ್ಡು, ಚೈನ್ ಕವರು ಒಂದೊಂದನ್ನೇ ಕೈಯಲ್ಲಿ ಅದುಮಿ ಹಿಡಿದ. ಸೈಲೆನ್ಸರಿನ ಹೀಟ್ ಗಾರ್ಡನ್ನು ದಪ್ಪ ಬಟ್ಟೆ ಸುತ್ತಿ ಒತ್ತಿ ನೋಡಿದ. ಸದ್ದು ನಿಲ್ಲಲಿಲ್ಲ. ಕ್ಲಚ್ ಹಿಡಿದ, ಬದಲಾಗಲಿಲ್ಲ. ಆಕ್ಸಿಲರೇಟರನ್ನು ಒಂದು ಎಳೆಯಷ್ಟು ಏರಿಸಿದ. ಸದ್ದು ಮಾಯವಾಯಿತು. ಬಿಟ್ಟ, ಮತ್ತೆ ಬಂತು. ಆಗ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಅದರ ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ಒತ್ತಿಕೊಂಡು, ತುದಿಯನ್ನು ಎಂಜಿನ್ ಮೇಲೆ ಇಟ್ಟ. ಹೆಡ್ ಕವರ್ ಮೇಲೆ, ಕ್ರ್ಯಾಂಕ್ ಕೇಸ್ ಮೇಲೆ, ಸಿಲಿಂಡರಿನ ಬಲಕ್ಕೆ, ಎಡಕ್ಕೆ. ಎಡಕ್ಕೆ ಬಂದಾಗ ಹುಬ್ಬೇರಿಸಿ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟ. ಕಿವಿಗೆ ಒತ್ತಿಕೊಂಡೆ. ಡಬ್ಬಿಯೊಳಗೆ ಸರಪಳಿ ಅಲ್ಲಾಡಿಸಿದ ಹಾಗೆ ಸ್ಪಷ್ಟವಾಗಿ ಕೇಳಿಸಿತು. ಟೈಮಿಂಗ್ ಚೈನ್ ಹಾದುಹೋಗುವ ಜಾಗ ಅದು. ಆದರೂ ಅವನಿಗೆ ಸಮಾಧಾನವಿಲ್ಲ. ನನ್ನನ್ನು ಹಿಂದೆ ಕೂರಿಸಿಕೊಂಡು ರಿಂಗ್ ರೋಡಿನ ಏರಿನಲ್ಲಿ ಮೂರನೇ ಗೇರಿನಲ್ಲೇ ಎಳೆಸಿದ. "ಕ್ರ್ಯಾಂಕ್ ಹೋಗಿದ್ರೆ ಇಲ್ಲಿ ದಡ್ ದಡ್ ಅನ್ನಬೇಕಿತ್ತು ಅಂಕಲ್. ಅನ್ನಲಿಲ್ಲ."

ಬಿಚ್ಚಿ ನೋಡಿದರೆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಸೋತಿತ್ತು, ಚೈನು ಸವೆದಿತ್ತು. ಎರಡನ್ನೂ ಬದಲಿಸಿದ. ಆಯಿಲ್ ಬಿಟ್ಟು ಸಾಮಾನಿಗೆ 700, ಕೂಲಿಗೆ 350. ಆ ಬೆಳಗಿನ ಮುಕ್ಕಾಲು ಗಂಟೆಗೆ ಎಷ್ಟು ಎಂದು ಕೇಳಿದೆ. "ಅದಕ್ಕೆಲ್ಲ ಯಾರು ದುಡ್ಡು ಕೊಡ್ತಾರೆ ಅಂಕಲ್? ನೋಡಿದ್ದಷ್ಟೆ ಅಲ್ವಾ?"

ಆ ಮಾತು ಇವತ್ತಿಗೂ ನನ್ನನ್ನು ಕಾಡುತ್ತಿದೆ. ಪೀಣ್ಯದ ಕಾರ್ಖಾನೆಗಳಲ್ಲಿ ಮೇಂಟೆನೆನ್ಸ್‌ನವನಿಗೆ ತಿಂಗಳ ಸಂಬಳವಿದೆ. ಮೆಷಿನ್ ಬಿಚ್ಚಿದರೂ ಸಂಬಳ, ಬರೀ ಕೈಯಿಟ್ಟು ಕಿವಿಗೊಟ್ಟು "ಇದಕ್ಕೇನೂ ಆಗಿಲ್ಲ, ಬೋಲ್ಟ್ ಸಡಿಲವಾಗಿದೆ" ಎಂದರೂ ಅದೇ ಸಂಬಳ. ಸಾಮಾನು ಮಾರಿ ಬದುಕುವ ಗತಿ ಅವನಿಗಿಲ್ಲ, ಹಾಗಾಗಿ ನಿಜ ಹೇಳುತ್ತಾನೆ. ಬೀದಿಯ ಮೆಕ್ಯಾನಿಕ್ ನಿಜ ಹೇಳಿದ ದಿನ ಬರಿಗೈಲಿ ಮನೆಗೆ ಹೋಗುತ್ತಾನೆ. "ಏನೂ ಆಗಿಲ್ಲ" ಎಂದರೆ ಸೊನ್ನೆ, "ಎಂಜಿನ್ ಇಳಿಸಬೇಕು" ಎಂದರೆ ಸಾವಿರಾರು. ಈ ಲೆಕ್ಕವನ್ನು ಬರೆದಿಟ್ಟವರು ಗಿರಾಕಿಗಳಾದ ನಾವು. ಮೋಸ ಮಾಡುತ್ತಾರೆ ಎಂದು ದೂರುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ಇನ್ನೊಂದು ತಪ್ಪೂ ನಮ್ಮದೇ. ನಾವು ದುಡ್ಡು ಕೊಡುವುದು ಸದ್ದು ಅಡಗಿದ್ದಕ್ಕೆ, ಕಾಯಿಲೆ ಗೊತ್ತಾಗಿದ್ದಕ್ಕಲ್ಲ. ಸದ್ದು ಅಡಗಿಸುವುದು ಸುಲಭ. ದಪ್ಪ ಆಯಿಲ್ ಸುರಿದರೆ ಸವೆದ ಎಂಜಿನ್ನೂ ಕೆಲ ದಿನ ಮೆತ್ತಗಾಗುತ್ತದೆ. ವಾಲ್ವನ್ನು ಒತ್ತುವ ಟ್ಯಾಪೆಟ್ ಬಿಗಿ ಮಾಡಿದರೆ ಟಿಕ್ ಟಿಕ್ ನಿಂತೇಹೋಗುತ್ತದೆ. ಆದರೆ ಅಲ್ಲಿ ಕೂದಲೆಳೆಯಷ್ಟು ಸಂದು ಇರಲೇಬೇಕು, ಫೀಲರ್ ಗೇಜ್ ಹಾಕಿ ಅಳೆಯುವಂಥ ಸಂದು. ಅದೂ ಇಲ್ಲದಂತೆ ಬಿಗಿದರೆ ಬಿಸಿಗೆ ಹಿಗ್ಗಿದ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಕೊನೆಗೆ ವಾಲ್ವ್ ಸುಟ್ಟುಹೋಗುತ್ತದೆ. ಸದ್ದು ಮಾಡುವ ಟ್ಯಾಪೆಟ್‌ಗಿಂತ ಬಾಯಿ ಕಟ್ಟಿದ ಟ್ಯಾಪೆಟ್ ಅಪಾಯ.

ಕಿವಿಯ ವಿದ್ಯೆ ಒಂದೇ ದಿನಕ್ಕೆ ಬಂದದ್ದಲ್ಲ. ನಮ್ಮಣ್ಣ ಓಡಿಸುತ್ತಿದ್ದದ್ದು ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಟೂ ಸ್ಟ್ರೋಕ್ ಆದ್ದರಿಂದ ಅದಕ್ಕೆ ಟ್ಯಾಪೆಟ್ಟೂ ಇಲ್ಲ, ಟೈಮಿಂಗ್ ಚೈನೂ ಇಲ್ಲ. ಅಂಥ ಗಾಡಿಗಳ ಮೆಕ್ಯಾನಿಕ್‌ಗಳು ಪಿಸ್ಟನ್ನು, ಬೇರಿಂಗುಗಳ ಸದ್ದಿನಲ್ಲೇ ಪಳಗಿದವರು. 1985ರಲ್ಲಿ ಹೀರೋ ಹೋಂಡಾದ ನೂರು ಸಿಸಿ ಫೋರ್ ಸ್ಟ್ರೋಕ್ ಬಂದಮೇಲೆ ಮನೆಮನೆಯ ಗಾಡಿಯಲ್ಲೂ ವಾಲ್ವು, ಚೈನುಗಳ ಸದ್ದು ಸೇರಿತು. ಅವರು ಮತ್ತೆ ಕಿವಿ ತಿದ್ದಿಕೊಂಡರು. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂತು, ಸ್ಕ್ಯಾನರ್ ಬಂತು. ಸೆನ್ಸರ್ ಕೆಟ್ಟರೆ ಸ್ಕ್ಯಾನರ್ ಹೇಳುತ್ತದೆ. ಟೆನ್ಷನರ್ ಸೋತದ್ದನ್ನು ಹೇಳಲು ಇವತ್ತಿಗೂ ಕಿವಿಯೇ ಬೇಕು.

ಗಿರಾಕಿಯ ಪಾಲಿನ ಕೆಲಸವೂ ಇದೆ. "ಏನೋ ಸೌಂಡ್ ಬರ್ತಿದೆ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಶಾಲೆಯಲ್ಲಿ ಅನುಕರಣಾವ್ಯಯ ಓದಿದ್ದೇವಲ್ಲ, ಅದು ಕೆಲಸಕ್ಕೆ ಬರುವುದು ಇಲ್ಲೇ. ಮೇಲಿಂದ ಸಣ್ಣಗೆ ಟಿಕ್ ಟಿಕ್ ಎಂದು, ವೇಗದ ಜೊತೆ ಚುರುಕಾದರೆ ಟ್ಯಾಪೆಟ್ ಕಡೆ ನೋಡಬೇಕು. ಎಂಜಿನ್ ನಿಧಾನಕ್ಕೆ ತಿರುಗುವಾಗ ಗಲಗಲ ಎಂದು, ಸ್ವಲ್ಪ ಏರಿಸಿದರೆ ಅಡಗುವುದು ಟೈಮಿಂಗ್ ಚೈನಿನ ಗುಣ. ಕ್ಲಚ್ ಹಿಡಿದ ಕೂಡಲೇ ಬದಲಾದರೆ ಕ್ಲಚ್ಚನ್ನೇ ಮೊದಲು ಅನುಮಾನಿಸಿ. ಸೈಲೆನ್ಸರ್ ಬೆಂಡ್ ಹತ್ತಿರ ಪಟ್ ಪಟ್ ಎಂದರೆ ಗ್ಯಾಸ್ಕೆಟ್ ಸೋರುತ್ತಿರಬಹುದು. ತಣ್ಣಗಿದ್ದಾಗ ಟಕ ಟಕ ಎಂದು ಬಿಸಿಯಾದಮೇಲೆ ಕಡಿಮೆಯಾದರೆ ಪಿಸ್ಟನ್ ಸಡಿಲವಾಗಿರಬಹುದು. ಕೆಳಗಿನಿಂದ ದಡ್ ದಡ್ ಎಂದು, ಏರಿನಲ್ಲಿ ಜೋರಾದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ತಳ್ಳಿಕೊಂಡು ಹೋಗಿ. ಇವು ತೀರ್ಪಲ್ಲ, ಸುಳಿವು. ಯಾವಾಗ, ಎಲ್ಲಿಂದ, ಎಂಥ ಸದ್ದು ಎಂಬ ಮೂರನ್ನು ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದ ಹಾಗೆ.

ಕೇಳಿಸಿಕೊಂಡದ್ದಕ್ಕೂ ದುಡ್ಡು ಕೊಟ್ಟರೆ ಅದೂ ಒಂದು ಸುಲಿಗೆಯಾಗುವುದಿಲ್ಲವೇ ಎಂದು ಪಕ್ಕದ ಮನೆಯವರು ಕೇಳಿದರು. ದಿನವಿಡೀ ಡೆಲಿವರಿ ಓಡಿಸುವ ಹುಡುಗರಿಗೆ ನೂರು ರೂಪಾಯಿಯೂ ದುಡ್ಡೇ, ಒಪ್ಪುತ್ತೇನೆ. ಆದರೆ ಬೇಡದ ಎಂಜಿನ್ ಕೆಲಸಕ್ಕೆ ಅದೇ ಹುಡುಗ ಮೂರು ದಿನದ ದುಡಿಮೆಯನ್ನೂ ಕಳೆದುಕೊಂಡು ಸಾವಿರಗಟ್ಟಲೆ ತೆರುತ್ತಾನೆ. ಗಿರಾಕಿ, ಮೆಕ್ಯಾನಿಕ್ ಮೊದಲೇ ಮಾತಾಡಿಕೊಳ್ಳಲಿ. ನೋಡಿ ಹೇಳಲು ನೂರು ರೂಪಾಯಿ, ಅಲ್ಲೇ ರಿಪೇರಿ ಮಾಡಿಸಿದರೆ ಅದು ಕೂಲಿಯಲ್ಲಿ ವಜಾ. ಏನು ಕಾಯಿಲೆ ಎಂಬುದನ್ನು ಮೆಕ್ಯಾನಿಕ್ ಚೀಟಿಯಲ್ಲಿ ಬರೆದುಕೊಡಲಿ, ಬದಲಿಸಿದ ಹಳೇ ಸಾಮಾನನ್ನು ಕೈಗೆ ಕೊಡಲಿ. ಆಗ ಇಬ್ಬರಿಗೂ ಅನ್ಯಾಯವಿಲ್ಲ.

ನಾನು ಅವತ್ತು ಅವನ ಜೇಬಿಗೆ ಇನ್ನೂರು ರೂಪಾಯಿ ತುರುಕಿದೆ. ಬೇಡ ಬೇಡ ಎಂದ. "ಇದು ಟಿಪ್ಸ್ ಅಲ್ಲಪ್ಪ, ನಿನ್ನ ಕಿವಿಯ ಕೂಲಿ" ಎಂದೆ. ಅದಾಗಿ ಏಳು ತಿಂಗಳಾಯಿತು. ಒಂಬತ್ತೂವರೆ ಸಾವಿರದ ಕ್ರ್ಯಾಂಕ್ ಕೆಲಸ ಬೇಕು ಎನ್ನಿಸಿಕೊಂಡ ಬೈಕು ದಿನಾ ನನ್ನನ್ನು ನಂದಿನಿ ಲೇಔಟಿನ ತರಕಾರಿ ಅಂಗಡಿಗೆ ಕರೆದುಕೊಂಡು ಹೋಗಿ ಬರುತ್ತಿದೆ. ನಿಮ್ಮ ಗಾಡಿ ಸದ್ದು ಮಾಡಿದರೆ ಬಿಚ್ಚುವ ಮೊದಲು ಕೇಳಿಸಿಕೊಳ್ಳಲು ಹೇಳಿ. "ಏನೂ ಆಗಿಲ್ಲ, ಆರಾಮಾಗಿ ಓಡಿಸಿ" ಎಂದವನಿಗೆ ಮರೆಯದೆ ಕೂಲಿ ಕೊಡಿ.