ಹಾಡು ಬಾಯಲ್ಲಿದೆ, ಊರು ಗೊತ್ತಿಲ್ಲ

ಜಮಖಂಡಿಯ ಪ್ರೌಢಶಾಲೆಯೊಂದರ ಹತ್ತನೆಯ ತರಗತಿಯ ಮಕ್ಕಳೊಂದಿಗೆ ಒಂದು ಗಂಟೆ ಕಳೆಯುವ ಅವಕಾಶ ನನಗೆ ಒದಗಿತ್ತು. ಕನ್ನಡ ಪಠ್ಯದಲ್ಲಿರುವ 'ಹಲಗಲಿ ಬೇಡರು' ಲಾವಣಿಯನ್ನು ಹಾಡಬಲ್ಲಿರಾ ಎಂದು ಕೇಳಿದೆ. ಇಡೀ ತರಗತಿ ಒಂದೇ ದನಿಯಲ್ಲಿ ಹಾಡಿತು. ಒಂದು ಪದವೂ ತಪ್ಪಲಿಲ್ಲ. ಹಾಡು ಮುಗಿದ ಮೇಲೆ, ಈ ಹಲಗಲಿ ಎಲ್ಲಿದೆ ಎಂದು ವಿಚಾರಿಸಿದೆ. ಒಬ್ಬ ಹುಡುಗ ಬಳ್ಳಾರಿಯ ಕಡೆ ಎಂದ. ಬೇಡರೆಂದರೆ ಚಿತ್ರದುರ್ಗವೇ ಇರಬೇಕೆಂದು ಹುಡುಗಿಯೊಬ್ಬಳು ತರ್ಕಿಸಿದಳು. ಅದು ಕವಿ ಕಲ್ಪಿಸಿದ ಊರೆಂದು ಇನ್ನೊಬ್ಬನ ಅಭಿಪ್ರಾಯ. ಹಲಗಲಿ ಇರುವುದು ನೆರೆಯ ಮುಧೋಳ ತಾಲ್ಲೂಕಿನಲ್ಲಿ. ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದು.

ಮಕ್ಕಳನ್ನು ದೂಷಿಸುವುದಕ್ಕಾಗಿ ಈ ಪ್ರಸಂಗವನ್ನು ಹೇಳುತ್ತಿಲ್ಲ. ಅವರ ವಯಸ್ಸಿನಲ್ಲಿ ನನಗೂ ಇದು ತಿಳಿದಿರಲಿಲ್ಲ. ವಿದ್ಯಾವಂತರೆನಿಸಿಕೊಂಡ ನನ್ನ ಅನೇಕ ಗೆಳೆಯರಿಗೆ ಈಗಲೂ ತಿಳಿದಿಲ್ಲ. ಒಂದು ರಣಭೂಮಿಯನ್ನು ಜನ ಮರೆತರೆ ಅದಕ್ಕೆ ಕಾಲವನ್ನು ಹೊಣೆಯಾಗಿಸಬಹುದು. ಆದರೆ ಹಲಗಲಿಯನ್ನು ನಾವು ಮರೆತಿಲ್ಲ, ಕಂಠಪಾಠ ಮಾಡಿದ್ದೇವೆ. ಕಂಠಪಾಠ ಮಾಡಿಯೂ ಅರಿಯದಿರುವುದು ಮರೆವಿಗಿಂತ ಬೇರೆಯಾದ ಸ್ಥಿತಿ. ಅದರ ಕಾರಣಗಳನ್ನು ಹುಡುಕುವುದು ಅವಶ್ಯ.

ಮೊದಲು ನಡೆದುದನ್ನು ಸಂಕ್ಷೇಪವಾಗಿ ನೆನೆಯೋಣ. ಉತ್ತರ ಭಾರತದ ಸಿಪಾಯಿಗಳ ಬಂಡಾಯದಿಂದ ಕಂಗೆಟ್ಟಿದ್ದ ಕಂಪನಿ ಸರಕಾರ 1857ರ ಸೆಪ್ಟೆಂಬರ್‌ನಲ್ಲಿ ಆಯುಧಗಳ ಕಾಯಿದೆಯೊಂದನ್ನು ಅಂಗೀಕರಿಸಿತು. ಪರವಾನಗಿಯಿಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಕೂಡದೆಂಬುದು ಅದರ ತಿರುಳು. ಹಲಗಲಿ ಆಗ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಹತಾರಗಳನ್ನು ನೋಂದಾಯಿಸಬೇಕೆಂದು ಸಂಸ್ಥಾನದ ಅಧಿಕಾರಿಗಳು ಹೇಳಿದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಮಂಟೂರು, ಬೂದ್ನಿ, ಅಲಗುಂಡಿ ಮೊದಲಾದ ನೆರೆಯೂರುಗಳ ಬೇಡರೂ ಅವರನ್ನು ಕೂಡಿಕೊಂಡರು. ನವೆಂಬರ್ ಮೂರನೆಯ ವಾರದ ಹೊತ್ತಿಗೆ ಸುಮಾರು ಐದು ನೂರು ಮಂದಿ ಹಲಗಲಿಯಲ್ಲಿ ನೆರೆದಿದ್ದರು. ಸಂಸ್ಥಾನದ ಬಲ ಸಾಲದಾದಾಗ ಬ್ರಿಟಿಷ್ ಸೈನ್ಯ ಬಂತು. ಕರ್ನಲ್ ಮಾಲ್ಕಮ್‌ನ ನಾಯಕತ್ವದ ಕುದುರೆ ದಂಡು ನವೆಂಬರ್ 29ರ ರಾತ್ರಿ ಊರಿನ ಮೇಲೆ ಸಾಗಿ ಬಂತು. 30ರಂದು ಊರು ಅದರ ವಶವಾಯಿತು. ಮನೆಗಳಿಗೆ ಬೆಂಕಿ ಬಿತ್ತು. ಸುಮಾರು ನೂರು ಮಂದಿ ಮಡಿದರು, 290 ಮಂದಿ ಸೆರೆಯಾದರು. ಹತ್ತು ಹನ್ನೆರಡು ದಿನಗಳಲ್ಲಿ ವಿಚಾರಣೆಯ ಶಾಸ್ತ್ರವೂ ಮುಗಿಯಿತು. ಡಿಸೆಂಬರ್ 11ರಂದು ಮುಧೋಳದಲ್ಲಿ ಹಲವರನ್ನು, 14ರಂದು ಹಲಗಲಿಯಲ್ಲಿಯೇ ಜಡಗ, ಬಾಲರೂ ಸೇರಿದಂತೆ ಆರು ಮಂದಿಯನ್ನು ಗಲ್ಲಿಗೇರಿಸಲಾಯಿತು.

ಈ ಘಟನೆಯ ಮಹತ್ವ ಅದರ ಗಾತ್ರದಲ್ಲಿಲ್ಲ, ಸ್ಥಾನದಲ್ಲಿದೆ. 1857ರಲ್ಲಿ ದಕ್ಷಿಣ ಭಾರತ ತಣ್ಣಗಿತ್ತೆಂಬ ಮಾತು ಇತಿಹಾಸದ ಪುಸ್ತಕಗಳಲ್ಲಿ ಇಂದಿಗೂ ಸಾಮಾನ್ಯ. ಆದರೆ ಮಾಲ್ಕಮ್‌ನ ಸೇವಾ ವಿವರವನ್ನು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. 1857ರ ನವೆಂಬರ್‌ನಲ್ಲಿ ಹಲಗಲಿ, 1858ರ ಫೆಬ್ರುವರಿಯಲ್ಲಿ ಸುರಪುರ, ಜೂನ್ ಆರಂಭದಲ್ಲಿ ನರಗುಂದ: ಈ ಮೂರು ಕಡೆಯೂ ಅವನೇ ಇದ್ದ. ಅದೇ 1858ರಲ್ಲಿ ಮುಂಡರಗಿಯ ಭೀಮರಾವ್ ಕೊಪ್ಪಳದಲ್ಲಿ ಹೋರಾಡಿ ಮಡಿದ. ಜಮಖಂಡಿಯ ಪಟವರ್ಧನ ಅರಸರ ಮೇಲೂ ಬ್ರಿಟಿಷರಿಗೆ ಸಂಶಯವಿತ್ತು. ಆರು ತಿಂಗಳ ಕಾಲ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಈ ಸೀಮೆ ಕುದಿಯುತ್ತಿತ್ತು. ಆ ಕುದಿತದ ಮೊದಲ ಗುಳ್ಳೆ ಒಡೆದದ್ದು ಹಲಗಲಿಯಲ್ಲಿ.

ಇನ್ನೊಂದು ವ್ಯತ್ಯಾಸ ಇದಕ್ಕಿಂತಲೂ ಮುಖ್ಯವೆಂದು ನನ್ನ ಭಾವನೆ. ನರಗುಂದದಲ್ಲಿ ಬಾಬಾಸಾಹೇಬನಿದ್ದ, ಸುರಪುರದಲ್ಲಿ ವೆಂಕಟಪ್ಪನಾಯಕನಿದ್ದ. ಹಲಗಲಿಯಲ್ಲಿ ಅರಸನಿರಲಿಲ್ಲ, ದತ್ತು ಮಗನ ಪ್ರಶ್ನೆ ಇರಲಿಲ್ಲ, ಕಳೆದುಕೊಳ್ಳಲು ಗಾದಿಯೂ ಇರಲಿಲ್ಲ. ಇದ್ದದ್ದು ಬೇಟೆ ಮತ್ತು ಕಾವಲಿನ ಚಾಕರಿಯಿಂದ ಬದುಕುತ್ತಿದ್ದ ಜನ. ಅವರಿಗೆ ಹತಾರವೆಂದರೆ ಹೊಟ್ಟೆಪಾಡು, ಮಾನ, ಕುಲದ ಗುರುತು. ಅದನ್ನು ಒಪ್ಪಿಸಿದರೆ ನಾಳೆ ಏನಾಗಿ ಬದುಕಬೇಕೆಂಬ ಪ್ರಶ್ನೆಗೆ ಸರಕಾರದ ಬಳಿ ಉತ್ತರವಿರಲಿಲ್ಲ. ಮಹಾತ್ಮ ಗಾಂಧಿ 1930ರಲ್ಲಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗಾಗಿ ಆಯುಧ ಪರವಾನಗಿ ನೀಡಬೇಕೆಂಬುದೂ ಒಂದಾಗಿತ್ತು. ಅಹಿಂಸೆಯ ಪ್ರತಿಪಾದಕನೂ ಎತ್ತಬೇಕಾಗಿ ಬಂದ ಆ ಪ್ರಶ್ನೆಯನ್ನು ಹಲಗಲಿಯ ಬೇಡರು ಅದಕ್ಕೆ 73 ವರ್ಷ ಮೊದಲೇ ಎತ್ತಿದ್ದರು.

ಹೀಗಿದ್ದೂ ನಮ್ಮ ಸಾರ್ವಜನಿಕ ಅರಿವಿನಲ್ಲಿ ಹಲಗಲಿಗೆ ನೆಲೆಯೇ ಇಲ್ಲದಂತಾದದ್ದು ಹೇಗೆ?

ಮೊದಲನೆಯ ಕಾರಣ ಆಡಳಿತದ್ದು. ಮುಧೋಳ, ಜಮಖಂಡಿಗಳೆರಡೂ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಗಳಾಗಿದ್ದವು. 1948ರಲ್ಲಿ ಅವು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು, 1997ರಲ್ಲಿ ವಿಜಾಪುರದಿಂದ ಒಡೆದ ಬಾಗಲಕೋಟೆ ಜಿಲ್ಲೆಯ ಪಾಲಾದವು. ಇಷ್ಟು ಸಲ ಯಜಮಾನರು ಬದಲಾದ ಊರಿನ ಕಾಗದಪತ್ರಗಳು ಊರಿನಲ್ಲಿ ಉಳಿಯಲಿಲ್ಲ. ಕಂಪನಿಯ ಪತ್ರವ್ಯವಹಾರ ಇಂಗ್ಲಿಷಿನಲ್ಲಿ, ಸಂಸ್ಥಾನದ ದಫ್ತರ ಮರಾಠಿಯ ಮೋಡಿ ಲಿಪಿಯಲ್ಲಿ, ಜನರ ನೆನಪು ಕನ್ನಡದಲ್ಲಿ. ಈ ಮೂರನ್ನೂ ಒಟ್ಟಿಗೆ ಓದಬಲ್ಲವರು ಇಂದು ವಿರಳ. ಹಳೆಯ ಮೈಸೂರನ್ನು ಕೇಂದ್ರವಾಗಿಟ್ಟುಕೊಂಡು ಬರೆದ ಚರಿತ್ರೆಗಳಿಗೆ ಈ ಸೀಮೆ ಹೊರಗಿನದಾಗಿ ಕಂಡದ್ದೂ ಸುಳ್ಳಲ್ಲ.

ಎರಡನೆಯದು ಇರಿಸುಮುರಿಸಿನ ಕಾರಣ. ಹಲಗಲಿಯ ಕಥೆಯಲ್ಲಿ ಬೇಡರ ಎದುರಿಗೆ ಮೊದಲು ನಿಂತದ್ದು ಬಿಳಿಯರಲ್ಲ, ಅವರದೇ ಸಂಸ್ಥಾನದ ಆಡಳಿತ. ಲಾವಣಿಯಲ್ಲಿ ಬೇಡರಿಂದ ಏಟು ತಿನ್ನುವವನು ಕಾರಕೂನ. ನಮ್ಮವರು ಮತ್ತು ಪರಕೀಯರು ಎಂದು ಎರಡೇ ಪಂಗಡ ಮಾಡಿ ಹೇಳುವ ಉತ್ಸವದ ಭಾಷಣಗಳಿಗೆ ಇದು ಅನುಕೂಲಕರವಾದ ಕಥೆಯಲ್ಲ. ಕಿತ್ತೂರಿನ 1824ರ ವಿಜಯದ 200ನೆಯ ವರ್ಷವನ್ನು 2024ರಲ್ಲಿ ನಾಡು ವಿಜೃಂಭಣೆಯಿಂದ ಆಚರಿಸಿತು. ಅದು ಸರ್ವಥಾ ಯೋಗ್ಯವೇ. ಆದರೆ ಕೋಟೆ, ರಾಣಿ, ಸೇನಾಪತಿಗಳಿರುವ ಚರಿತ್ರೆಗೆ ಸಿಗುವ ಮಾನ್ಯತೆ, ಬೀಸುಕಲ್ಲು ಮತ್ತು ಕೊಡಲಿಗಳಿರುವ ಚರಿತ್ರೆಗೆ ಸಿಗುವುದಿಲ್ಲ. ಸಿಕ್ಕರೂ ಅದು ಒಂದು ಸಮುದಾಯದ ಹೆಮ್ಮೆಯ ವಿಷಯವಾಗಿ ಉಳಿಯುತ್ತದೆಯೇ ಹೊರತು ಇಡೀ ಸೀಮೆಯ ಸ್ವತ್ತಾಗುವುದಿಲ್ಲ.

ಮೂರನೆಯ ಕಾರಣ ನಮ್ಮ ಓದಿನ ಕ್ರಮ. ಲಾವಣಿಯನ್ನು ನಾವು ಮಕ್ಕಳಿಗೆ ಸಾಹಿತ್ಯವೆಂದು ಕಲಿಸುತ್ತೇವೆ. ಸಮಾಜ ವಿಜ್ಞಾನದ ಪುಸ್ತಕವನ್ನು ಬೇರೆ ಅವಧಿಯಲ್ಲಿ ಬೇರೆ ಶಿಕ್ಷಕರು ತೆರೆಯುತ್ತಾರೆ. ಒಂದರಲ್ಲಿ ಹಾಡಿದೆ, ಭೂಪಟವಿಲ್ಲ. ಇನ್ನೊಂದರಲ್ಲಿ ಭೂಪಟವಿದೆ, ಹಾಡಿಲ್ಲ. ಸಂದರ್ಭ ಸಹಿತ ವಿವರಿಸಿ ಎಂಬ ಪ್ರಶ್ನೆಗೆ ಉತ್ತರ ಬರೆದ ವಿದ್ಯಾರ್ಥಿಗೆ ನಿಜವಾದ ಸಂದರ್ಭ ಎಂದೂ ಎದುರಾಗುವುದಿಲ್ಲ.

ಇದು ಹಲಗಲಿಯೊಂದರ ಪಾಡೂ ಅಲ್ಲ. ಇದೇ ಕೃಷ್ಣೆಯ ದಂಡೆಯಲ್ಲಿ 1565ರ ಜನವರಿ 23ರಂದು ವಿಜಯನಗರದ ಭವಿಷ್ಯವನ್ನು ನಿರ್ಧರಿಸಿದ ಕಾಳಗ ನಡೆಯಿತು. ಅದಕ್ಕೆ ಪಾಠಗಳು ಬಹುಕಾಲ ಕೊಟ್ಟ ಹೆಸರು, ರಣಭೂಮಿಯಿಂದ ದೂರವಿರುವ ತಾಳಿಕೋಟೆಯದು. ಈಗ ರಕ್ಕಸಗಿ–ತಂಗಡಗಿ ಎನ್ನುತ್ತೇವೆ. ರಕ್ಕಸಗಿ ಬಾಗಲಕೋಟೆ ಜಿಲ್ಲೆಯಲ್ಲಿ, ತಂಗಡಗಿ ವಿಜಯಪುರ ಜಿಲ್ಲೆಯಲ್ಲಿ, ನಡುವೆ ನದಿ. ಆದರೂ 'ರಕ್ಕಸತಂಗಡಿ' ಎಂಬ ಒಂದೇ ಊರಿದೆಯೆಂದು ನಂಬಿರುವ ಪದವೀಧರರನ್ನು ನಾನು ಕಂಡಿದ್ದೇನೆ. ಸಾಮ್ರಾಜ್ಯ ಮುರಿದು ಬಿದ್ದ ನೆಲದ ಗತಿಯೇ ಹೀಗಾದರೆ ಬೇಡರ ಹಟ್ಟಿಯ ಮಾತೇನು?

ಜಾಗ ತಿಳಿಯದಿದ್ದರೆ ನಷ್ಟವೇನು, ಭಾವನೆ ಉಳಿದಿದೆಯಲ್ಲ ಎಂದು ಕೇಳುವವರಿದ್ದಾರೆ. ನಷ್ಟವಿದೆ. ಅಮೃತಸರದ ಜಲಿಯನ್‌ವಾಲಾ ಬಾಗಿನ ಗೋಡೆಯ ಮೇಲಿನ ಗುಂಡಿನ ಗುರುತುಗಳು 1919ರ ಹತ್ಯಾಕಾಂಡವನ್ನು ಯಾವ ಭಾಷಣವೂ ಹೇಳಲಾರದಷ್ಟು ಸ್ಪಷ್ಟವಾಗಿ ಹೇಳುತ್ತವೆ. ಅಲ್ಲಿ ನಿಂತವನು ಸತ್ತವರನ್ನು ಉಪಮೆಯಾಗಿ ಕಾಣಲಾರ. ನೆಲದ ಅರಿವಿಲ್ಲದಿದ್ದರೆ ಹನುಮ, ಬಾಲ, ಜಡಗ, ರಾಮರು ಬರಿಯ ಪ್ರಾಸದ ಹೆಸರುಗಳಾಗುತ್ತಾರೆ. ಯಾರು ಬೇಕಾದರೂ ತಮ್ಮ ಸಭೆಗೆ ಹೊಂದುವ ಅರ್ಥವನ್ನು ಅವರ ಬಾಯಲ್ಲಿ ತುರುಕಬಹುದು.

ಲಾವಣಿಕಾರನಿಗೆ ಈ ಅಪಾಯದ ಅರಿವಿತ್ತೇನೋ. ಊರು ಹಾಳಾದುದನ್ನು ಹೇಳುವಾಗ ಆತ ಶೌರ್ಯದ ವಿಶೇಷಣಗಳನ್ನು ಪೋಣಿಸುವುದಿಲ್ಲ. ಮನೆಗಳಿಂದ ಹೋದ ಸಾಮಾನುಗಳನ್ನು ಎಣಿಸುತ್ತಾನೆ: ಕೊಡಲಿ, ಬೆಣ್ಣೆ, ಉಪ್ಪು, ಅರಿಶಿಣ, ಅಕ್ಕಿ, ಬೆಲ್ಲ, ಮಂಗಳಸೂತ್ರ, ಬೀಸುವ ಕಲ್ಲು. ಸರಕಾರದ ಕಡತ ಹೆಣಗಳನ್ನೂ ಕೈದಿಗಳನ್ನೂ ಲೆಕ್ಕ ಹಾಕಿತು. ಹಾಡು ಅಡುಗೆಮನೆಯ ಲೆಕ್ಕವನ್ನಿಟ್ಟಿತು. ಈ ಎರಡೂ ಲೆಕ್ಕಗಳನ್ನು ಒಂದೆಡೆ ಇಟ್ಟಾಗಲೇ ಹಲಗಲಿಯ ಪೂರ್ಣ ಚರಿತ್ರೆ ಸಿಗುವುದು. ವಿಪರ್ಯಾಸವೆಂದರೆ ಈ ಹಾಡನ್ನು ಮೊದಲು ಅಚ್ಚಿಗೆ ತಂದವನೂ ಅದೇ ಸಾಮ್ರಾಜ್ಯದ ಅಧಿಕಾರಿ. ಮುಂಬಯಿ ಪ್ರಾಂತದಲ್ಲಿದ್ದ ಜೆ.ಎಫ್. ಫ್ಲೀಟ್, ಊರು ಸುಟ್ಟ ಮೂರು ದಶಕಗಳ ಆಸುಪಾಸಿನಲ್ಲಿ, ಇತರ ಕನ್ನಡ ಲಾವಣಿಗಳೊಂದಿಗೆ ಇದನ್ನೂ ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅನುವಾದ ಸಹಿತ ಪ್ರಕಟಿಸಿದ. ಆತ ಆಗ ತೋರಿದ ಆಸಕ್ತಿಯ ಕಾಲುಭಾಗವನ್ನಾದರೂ ನಾವು ಇಂದು ತೋರಬೇಡವೇ?

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಪ್ರತಿಮೆ ನಿಲ್ಲಿಸುವುದನ್ನು ನಾನು ವಿರೋಧಿಸುವುದಿಲ್ಲ, ಆದರೆ ಅದು ಕಡೆಯ ಕೆಲಸವಾಗಬೇಕು. ಮೊದಲು ಮುಂಬಯಿಯ ಪತ್ರಾಗಾರದ ಕಾಗದಗಳು, ಸಂಸ್ಥಾನದ ಮೋಡಿ ದಫ್ತರ ಮತ್ತು ಲಾವಣಿಯ ಪಾಠಾಂತರಗಳನ್ನು ಒಂದೇ ಸಂಪುಟದಲ್ಲಿ ಕನ್ನಡಕ್ಕೆ ತರಬೇಕು. ಗಲ್ಲಿಗೇರಿದವರ ಹೆಸರುಗಳನ್ನು ದಾಖಲೆಯಿಂದ ಹೆಕ್ಕಿ ಪ್ರತಿ ವರ್ಷ ಡಿಸೆಂಬರ್ 11ರಂದು ಮುಧೋಳದಲ್ಲಿ, 14ರಂದು ಹಲಗಲಿಯಲ್ಲಿ ಓದಬೇಕು. ಪಠ್ಯದ ಲಾವಣಿಯ ಪಕ್ಕದಲ್ಲಿ ಅಂಗೈಯಗಲದ ಭೂಪಟವೊಂದನ್ನು ಅಚ್ಚು ಹಾಕಿದರೆ ಇಲಾಖೆಗೆ ಆಗುವ ವೆಚ್ಚ ನಗಣ್ಯ. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಯಿತು. 2025ರಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೂ ಸರಕಾರದ ಮಟ್ಟದಲ್ಲಿ ಕೇಳಿಬಂತು. ಆ ಚರ್ಚೆಯಲ್ಲಿ ಕಟ್ಟಡ, ಅನುದಾನ, ಹುದ್ದೆಗಳದೇ ಪ್ರಸ್ತಾಪ. ನೆರೆಯ ನೆಲದ ಚರಿತ್ರೆಯನ್ನು ಬರೆಯುವುದು ಸ್ಥಳೀಯ ವಿಶ್ವವಿದ್ಯಾಲಯದ ಹೊಣೆ ಎಂದು ಯಾರಾದರೂ ವಾದಿಸಿದ್ದರೆ ಅದರ ಅಗತ್ಯವನ್ನು ಸಾಧಿಸಲು ಬೇರೆ ಅಂಕಿಸಂಖ್ಯೆ ಬೇಕಾಗುತ್ತಿರಲಿಲ್ಲ.

ಇದೇ ಮುಧೋಳ–ಬೀಳಗಿ ತಾಲ್ಲೂಕುಗಳ ಕುರುಚಲು ಕಾಡಿನಲ್ಲಿ ಚಿಂಕಾರಗಳಿವೆಯೆಂದು 2016ರಲ್ಲಿ ಸರಕಾರ ಯಡಹಳ್ಳಿ ವನ್ಯಧಾಮವನ್ನು ಘೋಷಿಸಿತು. ಅಳಿವಿನಂಚಿನ ಜೀವಿಗೆ ಎಲ್ಲೆ ಗುರುತಿಸಿ ರಕ್ಷಣೆ ಕೊಟ್ಟದ್ದು ಮೆಚ್ಚತಕ್ಕದ್ದು. ನೆನಪಿಗೂ ಅಂಥದೊಂದು ಎಲ್ಲೆ ಬೇಕು: ಇಲ್ಲಿ ದಂಡು ನಿಂತಿತ್ತು, ಇಲ್ಲಿ ಊರು ಉರಿಯಿತು, ಇಲ್ಲಿ ಆರು ಮಂದಿಯ ಉಸಿರು ನಿಂತಿತು ಎಂದು ಹೇಳುವ ಸರಳವಾದ ಗುರುತು.

ಅಂದು ತರಗತಿ ಮುಗಿದ ಮೇಲೆ ಚಿತ್ರದುರ್ಗವೆಂದು ಹೇಳಿದ್ದ ಹುಡುಗಿ ನನ್ನ ಬಳಿ ಬಂದಳು. ಅವಳ ಅಜ್ಜಿಯ ತವರು ಮಂಟೂರಂತೆ. ಹಲಗಲಿ ಮಂಟೂರಿಗೆ ಹತ್ತಿರವೇ ಎಂದು ಕೇಳಿದಳು. ಹೌದೆಂದೆ, ಅಂದು ಮಂಟೂರಿನವರೂ ಹಲಗಲಿಗೆ ಹೋಗಿದ್ದರೆಂದು ತಿಳಿಸಿದೆ. ಅವಳು ಪುಸ್ತಕವನ್ನು ಮತ್ತೆ ತೆರೆದು, ಹತ್ತಾರು ಸಲ ಹಾಡಿದ್ದ ಆ ಪದ್ಯವನ್ನು ನಿಂತಲ್ಲೇ ಓದತೊಡಗಿದಳು.