ಸರ್ವರ್ ಸಮಸ್ಯೆ: ಪರೀಕ್ಷೆ ನಡೆಯಬೇಕಾದುದೆಲ್ಲಿ?

ಮಂಡ್ಯ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ 2000ರ ದಶಕದ ಆರಂಭದಲ್ಲಿ ‘ಭೂಮಿ’ ಪಹಣಿಯು ತಾಲ್ಲೂಕು ಕಚೇರಿಯ ಸರ್ವರ್‌ನಿಂದಲೇ ಮುದ್ರಣಗೊಳ್ಳುತ್ತಿತ್ತು. ಇಂದು ‘ಕಾವೇರಿ’ ತಂತ್ರಾಂಶದಲ್ಲಿ ನೋಂದಣಿಯಾದ ಕ್ರಯಪತ್ರದ ವಿವರ ಜಾಲದ ಮೂಲಕ ‘ಭೂಮಿ’ಗೆ ತಲುಪಿದ ನಂತರವೇ ಖಾತೆ ಬದಲಾವಣೆಯ ಪ್ರಕ್ರಿಯೆ ಆರಂಭವಾಗುತ್ತದೆ.

ಇಂತಹ ತಂತ್ರಾಂಶವನ್ನು ಒಂದೇ ಕೊಠಡಿಯ ನಾಲ್ಕಾರು ಯಂತ್ರಗಳಲ್ಲಿ ಪರೀಕ್ಷಿಸಿದರೆ ದೋಷ ಕಾಣದು. ಅಲ್ಲಿ ಸಂದೇಶ ಒಂದು ಮಿಲಿಸೆಕೆಂಡ್‌ನೊಳಗೆ ತಲುಪುತ್ತದೆ. ದೂರದ ಜಾಲದಲ್ಲಿ ಹಣ ಪಾವತಿಯಾಗಿ, ಉತ್ತರವಷ್ಟೇ ಮಾರ್ಗಮಧ್ಯೆ ಕಳೆದುಹೋಗಬಹುದು. ಸಿಬ್ಬಂದಿ ಮತ್ತೊಮ್ಮೆ ಗುಂಡಿ ಒತ್ತಿದಾಗ ಅದೇ ಶುಲ್ಕ ಎರಡು ಬಾರಿ ಕಡಿತವಾಗದಂತೆ ತಂತ್ರಾಂಶ ತಡೆಯಬಲ್ಲುದೇ ಎಂಬುದೇ ನಿಜವಾದ ಪರೀಕ್ಷೆ.

ಇದಕ್ಕೆ ಹೆಚ್ಚಿನ ಯಂತ್ರಗಳು ಬೇಕಿಲ್ಲ. ಲಿನಕ್ಸ್‌ನಲ್ಲಿ ಉಚಿತವಾಗಿ ದೊರೆಯುವ ‘ನೆಟೆಮ್’ ಸಾಧನವು ಅವೇ ಯಂತ್ರಗಳ ನಡುವೆ 300 ಮಿಲಿಸೆಕೆಂಡ್ ವಿಳಂಬವನ್ನೂ, ಸಂದೇಶಗಳಲ್ಲಿ ಶೇ 5ರಷ್ಟು ನಷ್ಟವನ್ನೂ ಕೃತಕವಾಗಿ ಸೃಷ್ಟಿಸಬಲ್ಲದು. ಆದರೆ ಊಹೆಯ ಅಂಕಿ ಸಾಲದು. ಈ ನಾಲ್ಕು ತಾಲ್ಲೂಕುಗಳ ಕಚೇರಿಗಳಲ್ಲಿ, ಜನಸಂದಣಿಯ ವೇಳೆಯಲ್ಲಿಯೇ ಅಳೆದ ಅಂಕಿಗಳನ್ನು ಅದಕ್ಕೆ ಒದಗಿಸಬೇಕು.

ತಂತ್ರಾಂಶವನ್ನು ಸ್ವೀಕರಿಸುವ ಮುನ್ನ ಸರ್ಕಾರ ಇದನ್ನು ಷರತ್ತಾಗಿ ವಿಧಿಸುವುದು ಲೇಸು. ಇಲ್ಲವಾದರೆ ಆ ಪರೀಕ್ಷೆ ನಡೆಯುವುದು ಸರದಿಯಲ್ಲಿ ನಿಂತ ರೈತನ ಕ್ರಯಪತ್ರದ ಮೇಲೆ.