ರಜೆಯ ಲೆಕ್ಕ

ಸರಕಾರಿ ಕಾರಕೂನನಿಗೆ ರಜೆಯೆಂದರೆ ಅಂಗೈಮೇಲಿನ ಬೆಣ್ಣೆ; ನೋಡುನೋಡುತ್ತ ಕರಗುತ್ತದೆ. ಈ ಬೇಸಿಗೆಯಲ್ಲಿ 8 ದಿನ ದೊರೆಯಿತೆಂದು ಮನೆಮಂದಿಯೆಲ್ಲ ಪುಣೆಯಲ್ಲಿ ರೈಲು ಹತ್ತಿ, ಮಿರಜ, ಬೆಳಗಾವಿ ದಾಟಿ, ಧಾರವಾಡದಲ್ಲಿಳಿದು ನಮ್ಮ ಹಳ್ಳಿ ಸೇರಿದೆವು.

ನಮ್ಮ ಮಗನಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಹೋದ ವರ್ಷ ಅವನ ಕನ್ನಡ ಕೇಳಿ ಹಳ್ಳಿಯ ಹುಡುಗರು ನಕ್ಕಿದ್ದರು. ಈ ಸಲ ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡು ಮೂಲೆ ಹಿಡಿದ.

ಮೂರನೆಯ ದಿನ ಬಯಲಲ್ಲಿ ಚಿಣ್ಣಿದಾಂಡು ನಡೆದಿತ್ತು. ಪುಣೆಯಲ್ಲಿ ನೆರೆಮನೆಯ ಆಜೋಬಾ ಅವನಿಗೆ ಅದೇ ಆಟವನ್ನು ‘ವಿಟೀದಾಂಡು’ ಎಂದು ಕಲಿಸಿದ್ದರು. ಕೈ ಸುಮ್ಮನಿರಲಿಲ್ಲ. ಚಿಣ್ಣಿ ಹಾರಿಸಿ, “ವಕಟ, ಲೇಂಡ, ಮೂಂಡ, ನಾಲ” ಎಂದು ದಾಂಡಿನಿಂದ ಅಳೆಯತೊಡಗಿದ. ಹುಡುಗರು ಮತ್ತೆ ನಕ್ಕರು.

ಕಟ್ಟೆಯ ಮೇಲಿದ್ದ ನಮ್ಮ ತಂದೆಯವರು ಗದರಿದರು: “ಯಾಕ ನಗತೀರೋ? ಮರಾಠಿ ಎಣಿಕಿ ಏಕ್, ದೋನ್, ತೀನ್. ಇದು ಬ್ಯಾರೆ. ವಕಟ, ಲೇಂಡ ಅಂದ್ರ ತೆಲುಗಿನ ಒಕಟಿ, ರೆಂಡು. ಮೂಂಡ, ನಾಲ ನಮ್ಮ ಮೂರು, ನಾಲ್ಕರ ಅಣ್ಣತಮ್ಮಂದಿರು. ನಮ್ಮ ಕಡೀ ಲೆಕ್ಕಾನ ಅಲ್ಲಿ ಮಕ್ಕಳ ಬಾಯಾಗ ಉಳದದ.”

“ಹೌದೇನ್ ಅಜ್ಜಾ?” ಎಂದ ಮಗ. ಆ ಊರಲ್ಲಿ ಅವನಾಡಿದ ಮೊದಲ ಮಾತು ಅದು.

ಹೊರಡುವ ಹೊತ್ತಿಗೆ ಹುಡುಗರೆಲ್ಲ ‘ವಕಟ, ಲೇಂಡ’ ಕಲಿತಿದ್ದರು. ಇವನು ಎರಡು ಬೈಗುಳ ಸಹಿತ ಕನ್ನಡ ಕಲಿತಿದ್ದ. ವಾಚಕರೇ, ನಾವು ಮಕ್ಕಳ ಮಾತು ತಿದ್ದುತ್ತ ಕೂಡುತ್ತೇವೆ. ಅವರಿಗೆ ಬೇಕಾದದ್ದು ಜೊತೆಗೆ ಆಡುವವರು. ರಜೆ 8 ದಿನ ಖರ್ಚಾಯಿತು, ನಿಜ. ಆದರೆ ಈ ಸಲ ಜಮೆಯೇ ಹೆಚ್ಚು.